ಓಬಳೇಶ ರಿಮೋಟ್ ಕಾರು ತಂದ ಕತೆ

ಉಂಡು ಕೈ ತೊಳೆದವರು ಬನ್ನಿ, ತೊಳೆಯದವರೂ ಬನ್ನಿ. ನಗೋದಕ್ಕೆ ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಮಾತ್ರ ಬಿಟ್ಟುಕೊಂಡು ಬನ್ನಿ.

ಎಣ್ಣೆ ಮಿಲ್ಲುಗಳ ಊರೊಂದಿತ್ತು. ಆ ಊರಲ್ಲಿ ಪಾಲಕ್ಕ ಅಂತ ಒಬ್ಬಳಿದ್ದಳು. ಬಸ್ ಸ್ಟ್ಯಾಂಡ್ ಎದುರಿಗೆ ಅವಳದೊಂದು ಮಂಡಕ್ಕಿ-ಮಿರ್ಚಿ ಗಾಡಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಖಾರ ಮಿರ್ಚಿಯದೋ ಮಾತಿನದೋ ಅಂತ ತಿಂದವರಿಗೇ ಗೊತ್ತಾಗುತ್ತಿರಲಿಲ್ಲ. ಎಲ್ಲ ಸರಿಯಾಗೇ ಇತ್ತು. ದೇವರು ಅವಳಿಗೆ ಒಬ್ಬನೇ ಮಗನನ್ನು ಕೊಟ್ಟಿದ್ದ. ಕೊಡೋ ಅವಸರದಲ್ಲಿ ಬುದ್ಧಿಯನ್ನು ಅಲ್ಲೇ ಮರೆತು ಕಳಿಸಿದ್ದ.

ಮಗನ ಹೆಸರು ಓಬಳೇಶ. ಮೀಸೆ ಬಂದಿತ್ತು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಆಗಿದ್ದ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟನ್ನೇ ಮಾಡುತ್ತಿದ್ದ. ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಕಿರಾಣಿ ಅಂಗಡಿಯವರು ಕೆಲಸಕ್ಕೆ ಇಟ್ಟುಕೊಂಡರು. "ಬಾಗಿಲಲ್ಲಿ ನಿಂತಿರು, ಒಬ್ಬರನ್ನೂ ಗಲ್ಲಾದ ಹತ್ತಿರ ಬಿಡಬೇಡ" ಅಂದರು. ಊಟ ಮಾಡಿ ಬಂದ ಯಜಮಾನರನ್ನೇ ಬಿಡಲಿಲ್ಲ. ಹೋಟೆಲಿನವರು ಇಟ್ಟುಕೊಂಡರು. "ಎಲೆ ಖಾಲಿ ಆದ ಕೂಡಲೇ ಎತ್ತು" ಅಂದರು. ಜನ ಅನ್ನಕ್ಕೆ ಕಾಯುತ್ತಾ ಕೂತಿದ್ದರು, ಇವನು ಸಾಲಾಗಿ ಎಲೆ ಎತ್ತಿಕೊಂಡು ಹೋದ. ಎರಡೂ ಕಡೆಯಿಂದ ಅವತ್ತವತ್ತಿನ ಸಂಜೆಗೇ ಮನೆಗೆ ಬಂದಿದ್ದ.

"ಅಯ್ಯೋ ನನ್ನ ಹಣೆಬರಹವೇ! ನಾನಿರೋ ತನಕ ಸರಿ. ಆಮೇಲೆ ಇವನಿಗೆ ಯಾರು ಅನ್ನ ಹಾಕ್ತಾರೆ?" ಅಂತ ಪಾಲಕ್ಕ ಕಡಲೆಹಿಟ್ಟು ಕಲಸುತ್ತಾ ಹಲುಬುತ್ತಿದ್ದಳು.

ಅದೇ ಬೀದಿಯ ಕೊನೆಗೆ ನಜೀರಣ್ಣನ ಅಂಗಡಿ. ರಿಮೋಟ್ ಕಾರಿನ ಅಂಗಡಿ. ಜಾತ್ರೆಯಲ್ಲಿ ತಂದು ಮಾರನೇ ದಿನ ಬಿಸಾಕೋ ಆಟಿಕೆ ಅಲ್ಲ ಮತ್ತೆ! ರಸ್ತೆಯ ಮೇಲೆ ಓಡೋ ಕಾರನ್ನೇ ಕುಗ್ಗಿಸಿ ಮೊಳದುದ್ದ ಮಾಡಿದ ಹಾಗಿರೋ ಟೂರಿಂಗ್ ಕಾರು. ಕೈಯಲ್ಲಿ ರಿಮೋಟು ಹಿಡಿದು ಒತ್ತಿದರೆ ನೆಲಕ್ಕೆ ಅಂಟಿಕೊಂಡು ಸುಂಯ್ ಅಂತ ಹೋಗಬೇಕು. ಶೇಂಗಾ ಒಣಗಿಸುವ ಮಿಲ್ಲಿನ ಸಿಮೆಂಟ್ ಕಣ ಭಾನುವಾರ ಖಾಲಿ ಬಿದ್ದಿರುತ್ತದಲ್ಲ, ಅಲ್ಲೇ ಅವುಗಳ ಓಟ. ಸುತ್ತಲ ಊರಿನಿಂದ ಮೀಸೆ ಹೊತ್ತ ಗಂಡಸರೇ ಬಂದು ಆಡುತ್ತಿದ್ದರು.

ಆ ನಜೀರಣ್ಣ ಒಂದು ದಿನ ಮಿರ್ಚಿ ತಿನ್ನುತ್ತಾ ಅಂದ: "ಅಂಗಡಿಗೆ ಒಬ್ಬ ಹುಡುಗ ಬೇಕು ಪಾಲಕ್ಕ. ಯಾರಾದರೂ ಬರಲಿ. ಆದರೆ ಸ್ವಂತ ಕಾರು ತಂದು ಕಣದ ಸುತ್ತ ಒಂದು ಸುತ್ತು, ಯಾವುದಕ್ಕೂ ಗುದ್ದದೆ ಓಡಿಸಿ ತೋರಿಸಬೇಕು. ಓಡಿಸೋಕೆ ಬಾರದವನು ಗಿರಾಕಿಗೆ ಏನು ಕಲಿಸ್ತಾನೆ? ಮುಂದಿನ ಭಾನುವಾರ ನೋಡ್ತೀನಿ."

ಪಾಲಕ್ಕನ ಕಿವಿ ನೆಟ್ಟಗಾಯಿತು. ನೆರಳಲ್ಲಿ ಕೂತು ಮಾಡೋ ಕೆಲಸ! ನಜೀರಣ್ಣ ಕೈ ಎತ್ತೋನಲ್ಲ, ಬಾಯಿ ಮಾಡೋನಲ್ಲ. ಬಾಯಿ ಮಾಡೋಕೆ ತಾನಿದ್ದೇನಲ್ಲ, ಸಾಕು. ಮಿರ್ಚಿ ಮಾರಿ ಕೂಡಿಟ್ಟಿದ್ದ ಗಂಟು ಬಿಚ್ಚಿದಳು.

"ಓಬ್ಯಾ, ಕೇಳಿಲ್ಲಿ. ನಜೀರಣ್ಣನ ಅಂಗಡೀಲಿ ಎಲ್ಲಕ್ಕಿಂತ ಅಗ್ಗದ ಕಾರು ಯಾವುದೈತೆ ಅಂತ ಕೇಳು. ಅದನ್ನೇ ತಗೊಂಡು ಬಾ."

"ಆಯ್ತವ್ವ."

ಹೋದ. ಕೇಳಿದ. ತಂದ. ಎಂಥಾ ಚೆಂದದ ಕಾರು ಅಂತೀರಿ! ಕೆಂಪು ಬಣ್ಣ, ಬಿಳಿ ಪಟ್ಟಿ, ಮಿರಮಿರ ಮಿಂಚುತ್ತಿತ್ತು. ಪಾಲಕ್ಕ ಕೈಗೆ ತಗೊಂಡಳು. ಹಗುರ. ಬುಡ ಮೇಲು ಮಾಡಿ ನೋಡಿದಳು. ಒಳಗೆ ಏನೂ ಇಲ್ಲ. ಚಕ್ರ ಇಲ್ಲ, ಮೋಟಾರು ಇಲ್ಲ, ನೊಣ ಕೂಡ ಇಲ್ಲ. ಬರೀ ಮೇಲಿನ ಚಿಪ್ಪು!

"ಇದೇನಲೇ ಇದು?"

"ಕಾರು. ಎಲ್ಲಕ್ಕಿಂತ ಅಗ್ಗದ್ದು."

"ಇದು ಓಡ್ತದೇನಲೇ?"

"ಓಡೋದು ಬೇಕು ಅಂತ ನೀನು ಹೇಳಲಿಲ್ಲವಲ್ಲವ್ವ."

"ನಿನ್ನ ತಲೆ ಥರಾನೇ ಐತಲ್ಲೋ, ಮೇಲೆ ಮಿಂಚು, ಒಳಗೆ ಗಾಳಿ! ಏನೇ ತಗೊಂಡರೂ ಬಿಚ್ಚಿ, ಒಳಗೆ ಎಲ್ಲ ಐತಾ ಅಂತ ನೋಡಿ ತಗೊಂಡು ಬರಬೇಕು. ತಿಳೀತಾ?"

"ತಿಳೀತವ್ವ. ಬಿಚ್ಚಿ ನೋಡಿ ತರ್ತೀನಿ."

ಮತ್ತೆ ಹೋದ. ನಜೀರಣ್ಣ ಒಂದು ಕಾರು ಎದುರಿಗಿಟ್ಟು, "ನೋಡ್ತಿರು, ಊಟ ಮಾಡಿ ಬರ್ತೀನಿ" ಅಂತ ಒಳಗೆ ಹೋದ. ಓಬಳೇಶ ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ತಗೊಂಡ. ಚಕ್ರ ಬಿಚ್ಚಿದ. ಮೋಟಾರು ಬಿಚ್ಚಿದ. ಹಲ್ಲುಚಕ್ರ ಬಿಚ್ಚಿದ. ಬಿಚ್ಚಿದ್ದರೊಳಗಿಂದ ಇನ್ನೊಂದು ಬಂತು, ಅದನ್ನೂ ಬಿಚ್ಚಿದ. ಎಲ್ಲ ಟವೆಲಿಗೆ ಸುರಿದು ಗಂಟು ಕಟ್ಟಿ, ಗಲಗಲ ಅನ್ನಿಸಿಕೊಂಡು ಅವ್ವನ ಮುಂದೆ ತಂದಿಟ್ಟ.

"ಏನೋ ಇದು, ಶೇಂಗಾನಾ?"

"ಕಾರವ್ವ! ಒಳಗೆ ನೋಡಿದೆ. ಎಲ್ಲಾ ಐತೆ!"

ಪಾಲಕ್ಕ ಗಂಟು ಬಿಚ್ಚಿದಳು. ಒಂದು ಸ್ಪ್ರಿಂಗು ಛಂಗನೆ ಹಾರಿ ಎಣ್ಣೆ ಬಾಣಲೆಗೆ ಬಿತ್ತು. ಅದನ್ನು ಜಾಲರಿ ಸೌಟಿನಲ್ಲಿ ಎತ್ತಿ, ಒಲೆ ಆರಿಸಿ, ಸೆರಗು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಮಗನ ರಟ್ಟೆ ಹಿಡಿದು ತಾನೇ ಅಂಗಡಿಗೆ ನಡೆದಳು.

ನಜೀರಣ್ಣ ಗಂಟು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. ಆಮೇಲೆ ನಕ್ಕ. "ಬಿಡು ಪಾಲಕ್ಕ, ನಾನು ಜೋಡಿಸ್ಕೊಳ್ತೀನಿ. ಹೇಗೂ ಇದು ಕಲಿಯೋರಿಗೆ ಅಲ್ಲ. ಬಾಣ ಇದ್ದಂಗೆ. ಒತ್ತಿದರೆ ಕಣ್ಣಿಗೇ ಕಾಣಲ್ಲ."

"ಕಾಣದ ಮೇಲೆ ಇವನು ತಿರುಗಿಸೋದು ಏನನ್ನ, ನಿನ್ನ ಗಡ್ಡಾನಾ? ನಿಧಾನದ್ದು ತೋರಿಸು."

"ಇದು ನೋಡು. ಹಳೇ ನಮೂನೆ ಮೋಟಾರು, ಜೋರು ಕಮ್ಮಿ. ಬುಡ ಪ್ಲಾಸ್ಟಿಕ್ಕು, ಆದರೆ ಗಟ್ಟಿ. ಬ್ಯಾಟರಿ, ಚಾರ್ಜರು, ರಿಮೋಟು ಎಲ್ಲ ಜೊತೆಗೇ ಬರ್ತದೆ. ಬೆಲೆ ಅದರ ಅರ್ಧಾನೂ ಇಲ್ಲ."

"ಮುರಿದರೆ?"

"ಹೊಸಬರ ಕೈಯಲ್ಲಿ ಮುರಿಯದೇ ಇರಲ್ಲ. ಮುಂದಿನ ಚಕ್ರ ಹಿಡಿಯೋ ತೋಳು ಐತಲ್ಲ, ಮೊದಲು ಅದೇ ಹೋಗೋದು."

"ಮುರೀತದಾ ಅಂತ ಕೇಳಲಿಲ್ಲ ನಜೀರಣ್ಣ. ಮುರಿದರೆ ನಿನ್ನ ಹತ್ರ ಸಿಗ್ತದಾ, ಇಲ್ಲ ಬೆಂಗಳೂರಿಂದ ಬರೋ ತನಕ ಬಾಯಿ ಬಿಟ್ಕೊಂಡು ಕೂರಬೇಕಾ? ಸ್ಟೋವ್ ತಗೊಳ್ಳುವಾಗ ನಾನು ಉರಿ ನೋಡಲ್ಲಪ್ಪ, ವಾಷರ್ ಎಲ್ಲಿ ಸಿಗ್ತದೆ ಅಂತ ಕೇಳ್ತೀನಿ."

ನಜೀರಣ್ಣ ಒಂದು ಡಬ್ಬ ಎಳೆದು ತೋರಿಸಿದ. ಅದರ ತುಂಬ ಆ ಕಾರಿನದೇ ತೋಳು, ಹಲ್ಲುಚಕ್ರ, ಸ್ಪ್ರಿಂಗು. ಪಾಲಕ್ಕ ತಲೆ ಆಡಿಸಿದಳು. "ಹಾಂ, ಇದೇ ಸಾಕು. ಮೇಲಿನ ಚಿಪ್ಪು ಮೊನ್ನೆ ಈ ಮಹಾರಾಯ ತಂದಿದ್ದಾನಲ್ಲ, ಅದೇ ಕೂರಿಸು."

ಕೂರಿಸಿದ. ಕೂತಿತು. ಕೆಂಪು ಕಾರು ಸಿದ್ಧವಾಯಿತು. ಪಾಲಕ್ಕ ಅದನ್ನು ಮಗನ ಕೈಗಿಟ್ಟು, "ನೋಡು, ಇದರ ಹೊಟ್ಟೆ ನೆಲಕ್ಕೇ ತಾಗೋ ಹಂಗೈತೆ. ಮಣ್ಣು ಕಲ್ಲಿನ ಮೇಲೆ ಬಿಡಬೇಡ. ನುಣ್ಣಗಿರೋ ನೆಲದ ಮೇಲೆ ಬಿಡು. ಎಷ್ಟು ನುಣ್ಣಗಿದ್ದರೆ ಅಷ್ಟು ಒಳ್ಳೇದು. ಹೋಗು, ಕಲಿ" ಅಂದಳು.

"ಆಯ್ತವ್ವ."

ನುಣ್ಣಗಿರೋ ನೆಲ ಹುಡುಕುತ್ತಾ ಓಬಳೇಶ ಊರೆಲ್ಲ ಸುತ್ತಿದ. ಟಾರು ರಸ್ತೆ ಮುಟ್ಟಿ ನೋಡಿದ, ತರಿತರಿ. ಬ್ಯಾಂಕಿನ ಮೆಟ್ಟಿಲು ಮುಟ್ಟಿ ನೋಡಿದ, ಒರಟು. ಹಾಲಪ್ಪ ಮೇಸ್ತ್ರಿ ಹೊಸ ಮನೆಯೊಂದರ ಅಂಗಳಕ್ಕೆ ಬೆಳಗಿಂದ ಸಿಮೆಂಟ್ ಹಾಕಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ, ಆಗ ತಾನೇ ಸೊಂಟ ನೆಟ್ಟಗೆ ಮಾಡಿ ಬೀಡಿ ಹಚ್ಚಿದ್ದ. ಅಂಗಳ ಕನ್ನಡಿ ಹಾಗಿತ್ತು. ಅಷ್ಟು ನುಣುಪು ಊರಲ್ಲೇ ಇನ್ನೊಂದಿಲ್ಲ!

ಕಾರು ಬಿಟ್ಟ. ಸುಂಯ್ ಅಂತ ಹೋಯಿತು. ಅರ್ಧಕ್ಕೆ ಪಿಚಕ್ ಅಂತ ನಿಂತಿತು. ಅದನ್ನು ತರಲು ಇವನೂ ಇಳಿದ. ಇವನನ್ನು ತರಲು ಹಾಲಪ್ಪ ಇಳಿದ.

"ಪಾಲಕ್ಕಾ! ನಿನ್ನ ಮಗನ ಪಾದ ನನ್ನ ಅಂಗಳದಲ್ಲಿ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ ನೋಡು!" ಅಂತ ಹಾಲಪ್ಪ ಮೊಣಕಾಲ ತನಕ ಸಿಮೆಂಟ್ ಮೆತ್ತಿಕೊಂಡೇ ಬಂದ.

ಪಾಲಕ್ಕ ಹಾಲಪ್ಪನಿಗೆ ಬಿಟ್ಟಿ ಮಿರ್ಚಿ ಕೊಟ್ಟು ಕಳಿಸಿ ಮಗನ ಕಡೆ ತಿರುಗಿದಳು. "ಕಣ್ಣಿಲ್ಲವೇನಲೇ? ನೆಲ ಹಸಿ ಐತೋ ಒಣಗೈತೋ ನೋಡಬೇಡವಾ? ಒಣಗಿರೋ ಕಡೆ ಹೋಗಿ ಓಡಿಸು!"

"ಆಯ್ತವ್ವ. ಒಣಗಿರೋ ಕಡೆ."

ಕಾರು ತೊಳೆದು ಒರೆಸಿ, ಮಾರನೇ ದಿನ ಮಧ್ಯಾಹ್ನ ಮಿಲ್ಲಿಗೆ ಹೋದ. ಬಿಸಿಲಿಗೆ ಕಣದ ತುಂಬ ಶೇಂಗಾ ಹರಡಿತ್ತು. ಕಾಲಲ್ಲಿ ಕೆದಕುತ್ತಿದ್ದ ಹೆಂಗಸರನ್ನು ಕೇಳಿದ: "ಚೆನ್ನಾಗಿ ಒಣಗೈತಾ?"

"ಗಲಗಲ ಅಂತೈತೆ ಕಣಪ್ಪ, ಇದಕ್ಕಿಂತ ಒಣಗೋದು ಇನ್ನೇನೈತೆ!"

ಬಿಟ್ಟನಲ್ಲ ಕಾರನ್ನ, ಶೇಂಗಾ ರಾಶಿಯ ಮೇಲೆ! ಹಿಂದಿನ ಚಕ್ರದಿಂದ ಕಾಯಿ ಪಟಪಟ ಹಾರಿ ಹೆಂಗಸರ ಮುಖಕ್ಕೆ, ಮಿಲ್ಲಿನ ಗುಮಾಸ್ತರ ಕನ್ನಡಕಕ್ಕೆ. ಕಾರು ಮುಂದಕ್ಕೆ ಹೋಗಲಿಲ್ಲ. ಹೆಗ್ಗಣದ ಹಾಗೆ ರಾಶಿಯೊಳಕ್ಕೆ ಇಳಿಯಿತು. ಓಬಳೇಶ ಒತ್ತಿದ್ದು ಬಿಡಲಿಲ್ಲ. ಮೋಟಾರು ಸುಟ್ಟ ವಾಸನೆ ಬಂದ ಮೇಲೆ ಹೆಂಗಸರೇ ಕಸಿದುಕೊಂಡು, ಪೊರಕೆ ಹಿಡಿದು ಬಸ್ ಸ್ಟ್ಯಾಂಡಿನ ತನಕ ಅಟ್ಟಿಕೊಂಡು ಬಂದರು.

ಪಾಲಕ್ಕ ಕಾರು ಮುಟ್ಟಿ ಕೈ ಕೊಡವಿಕೊಂಡಳು. "ಅಯ್ಯಪ್ಪಾ, ಕೆಂಡ ಆಗೈತೆ! ಈಗ ಇದನ್ನ ಚಾರ್ಜಿಗೂ ಹಾಕಬೇಡ, ಏನೂ ಮಾಡಬೇಡ. ಬಿಸಿ ಆದದ್ದನ್ನ ಮುಟ್ಟಬಾರದು. ತಣ್ಣಗಾಗೋ ತನಕ ಯಾರ ಕೈಗೂ ಕೊಡಬಾರದು. ಇಷ್ಟಾದರೂ ನೆನಪಿಟ್ಕೋ! ನಾನು ನೀರು ತರ್ತೀನಿ, ಗಾಡಿ ನೋಡ್ಕೋ."

"ಆಯ್ತವ್ವ."

ಬಸ್ಸು ಬಂತು. ಜನ ಇಳಿದರು. ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ ಹೊಗೆಯಾಡುತ್ತಿತ್ತು. "ಕೊಡಪ್ಪ" ಅಂದರು.

"ಬಿಸಿ ಐತೆ. ಕೊಡಬಾರದು."

"ಬಿಸಿ ಅಂತಾನೇ ಕೇಳ್ತಿರೋದು ಮಾರಾಯ!"

"ಊಹೂಂ. ತಣ್ಣಗಾಗಲಿ." ರಟ್ಟಿನಿಂದ ಒಂದೊಂದಕ್ಕೂ ಗಾಳಿ ಬೀಸುತ್ತಾ ಕೂತ. ಬಸ್ಸು ಹಾರನ್ ಹೊಡೆಯಿತು. ಜನ ಬೈಯುತ್ತಾ ಹತ್ತಿದರು. ಪಾಲಕ್ಕ ಬಿಂದಿಗೆ ಇಳಿಸುವಾಗ ಮಿರ್ಚಿ ಐಸಿನ ಹಾಗೆ ತಣ್ಣಗಾಗಿತ್ತು, ಗಿರಾಕಿ ಒಬ್ಬರೂ ಇರಲಿಲ್ಲ.

"ಅಯ್ಯೋ ಪಾಪಿ! ನನ್ನ ಹೊಟ್ಟೆ ಮೇಲೇ ಹೊಡೆದೆಯಲ್ಲೋ! ಜನ ಬಂದು ನಿಂತರೆ ಯೋಚನೆ ಮಾಡಬೇಡ. ಕೈಯಲ್ಲಿ ಇರೋದನ್ನ ತಕ್ಷಣ ಕೊಟ್ಟುಬಿಡು!"

"ಆಯ್ತವ್ವ. ತಕ್ಷಣ."

ಸಂಜೆ ಕಾರು ತಣ್ಣಗಾಯಿತು. ಬ್ಯಾಟರಿಗೆ ಚಾರ್ಜು ತುಂಬಿತು. ಓಬಳೇಶ ಗಾಡಿ ಮುಂದಿನ ಟಾರು ರಸ್ತೆಯ ಮೇಲೆ ಕಾರು ಬಿಟ್ಟು, ಮೆಲ್ಲಗೆ, ಪರವಾಗಿಲ್ಲ ಅನ್ನುವ ಹಾಗೆ ಓಡಿಸುತ್ತಿದ್ದ. ಪಾಲಕ್ಕನ ಮುಖದಲ್ಲಿ ನಗು ಬರೋದರಲ್ಲಿತ್ತು. ಅಷ್ಟರಲ್ಲಿ ಹಾಲಪ್ಪ ಮೇಸ್ತ್ರಿ ಬಂದು ಎದುರಿಗೆ ನಿಂತ. ಜನ ಬಂದು ನಿಂತರು! ಕೈಯಲ್ಲಿ ಇದ್ದದ್ದನ್ನು ಓಬಳೇಶ ತಕ್ಷಣ ಕೊಟ್ಟುಬಿಟ್ಟ.

"ಇದ್ಯಾಕೋ ನನಗೆ?" ಅಂದ ಹಾಲಪ್ಪ, ಕೈಗೆ ಬಂದ ರಿಮೋಟನ್ನು ಒತ್ತಿಯೇಬಿಟ್ಟ.

ಕಾರು ಎದುರಿನಿಂದ ಅವನ ಕಡೆಗೇ ಬರುತ್ತಿತ್ತು. ಹಾಲಪ್ಪ ಗಾಬರಿಯಾಗಿ ಬಲಕ್ಕೆ ತಿರುಗಿಸಿದ, ಅದು ಅವನ ಎಡಕ್ಕೆ ಹೋಯಿತು. ಎಡಕ್ಕೆ ತಿರುಗಿಸಿದ, ಬಲಕ್ಕೆ ಹೋಯಿತು. "ಏ! ಏ! ಇದೇನು ಉಲ್ಟಾ ಹೋಗ್ತೈತಲ್ಲೇ!" ಅನ್ನುವಷ್ಟರಲ್ಲಿ ಪಾಲಕ್ಕ ನೆಲಕ್ಕಿಟ್ಟುಕೊಂಡು ಕಲಸುತ್ತಿದ್ದ ಹಿಟ್ಟಿನ ಬೋಗುಣಿಗೆ ಢಬ್ ಅಂತ ಗುದ್ದಿ, ಎಗರಿ, ಒಳಗೇ ಬಿತ್ತು. ಎತ್ತಿದರೆ ಮೈತುಂಬ ಹಿಟ್ಟು. ಎಣ್ಣೆಗೆ ಬಿಡೋದೊಂದು ಬಾಕಿ!

ಮುಂದಿನ ತೋಳು ಮುರಿದು ನೇತಾಡುತ್ತಿತ್ತು. ಮಾರನೇ ದಿನವೇ ಭಾನುವಾರ.

ಪಾಲಕ್ಕ ಬೈಯಲಿಲ್ಲ. ಅವಳು ಬೈಯಲಿಲ್ಲ ಅಂದರೆ ಎಷ್ಟು ನೊಂದಿದ್ದಳು ಅಂತ ನೀವೇ ಲೆಕ್ಕ ಹಾಕಿ. ಕಾರನ್ನು ಸೆರಗಿನಲ್ಲಿ ಒರೆಸುತ್ತಾ ನಜೀರಣ್ಣನ ಅಂಗಡಿಗೆ ಹೋದಳು. ಅವನು ಅದೇ ಡಬ್ಬ ಎಳೆದು ಹೊಸ ತೋಳು ಹಾಕಿದ, ಗಿಯರಿಗೆ ಹತ್ತಿದ್ದ ಕಡಲೆಹಿಟ್ಟನ್ನು ಹಳೇ ಬ್ರಷ್ಷಿನಲ್ಲಿ ತೆಗೆದ.

"ಕಾರು ನಮ್ಮ ಎದುರಿಗೆ ಬರುವಾಗ ಎಲ್ಲರಿಗೂ ಹಿಂಗೇ ಆಗೋದು ಪಾಲಕ್ಕ. ಅದರ ಬಲ ನಮ್ಮ ಎಡ ಆಗ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳ್ತೀನಿ, ನೀವು ಕಾರೊಳಗೇ ಕೂತಿದ್ದೀರಿ ಅಂದ್ಕೊಳ್ಳಿ ಅಂತ. ಆಗ ಎಡಬಲ ತಪ್ಪಲ್ಲ. ಹೂಂ ಅಂತಾರೆ, ಒಬ್ಬರೂ ಮಾಡಲ್ಲ."

ಭಾನುವಾರ ಕಣದಲ್ಲಿ ಜನವೋ ಜನ. ಹೊಸ ಗಾಡಿ ಅಲ್ಲವೇ, ಚಕ್ರದಡಿ ಇಡೋಕೆ ಪಾಲಕ್ಕ ನಿಂಬೆಹಣ್ಣು ತಂದಿದ್ದಳು. ಇಟ್ಟು ನೋಡಿದರೆ ಹಣ್ಣೇ ಚಕ್ರದಷ್ಟು ದಪ್ಪ. "ಇದನ್ನ ಹತ್ತಿಸೋಕೆ ಹೋದರೆ ಇಲ್ಲೇ ಕತೆ ಮುಗೀತದೆ" ಅಂತ ನಿವಾಳಿಸಿ ದೂರ ಎಸೆದಳು. ಆಮೇಲೆ ಮಗನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಓಬ್ಯಾ. ರಿಮೋಟು ಯಾರಿಗೂ ಕೊಡಬೇಡ. ಅವಸರ ಮಾಡಬೇಡ. ನೀನು ಆ ಕಾರೊಳಗೇ ಕೂತಿದ್ದೀಯ ಅಂದ್ಕೋ. ನಾನು ಹೇಳೋ ತನಕ ಇಳೀಬೇಡ. ತಿಳೀತೇನಪ್ಪಾ?"

"ತಿಳೀತವ್ವ."

ಆ ಕೆಲಸಕ್ಕೆ ಬಂದವರಲ್ಲಿ ಮೊಬೈಲ್ ಅಂಗಡಿಯ ಪ್ರಸನ್ನನೂ ಒಬ್ಬ. ಕಪ್ಪು ಕನ್ನಡಕ, ಕೈಯಲ್ಲಿ ಬಾಣದಂಥ ಕಾರು. ಓಬಳೇಶನ ಕಾರು ನೋಡಿ, "ಇದಕ್ಕೆ ಮಿರ್ಚಿ ತಿನ್ನಿಸಿದ್ದೀಯೇನೋ, ಕಡಲೆಹಿಟ್ಟಿನ ವಾಸನೆ ಬರ್ತೈತೆ!" ಅಂದ. ಎಲ್ಲರೂ ನಕ್ಕರು.

ಪ್ರಸನ್ನ ಒಂದು ಕಡೆ ಠೀವಿಯಿಂದ ನಿಂತು ಒತ್ತಿದ. ಕಾರು ಹೋಗೋದು ಕಂಡಿತು. ತಿರುಗಿ ಎದುರು ಬರೋದು ಕಾಣಲಿಲ್ಲ. ಕಂಡಾಗ ಎಡಕ್ಕೋ ಬಲಕ್ಕೋ ಅನ್ನುವಷ್ಟರಲ್ಲಿ ಶೇಂಗಾ ಹೊಟ್ಟಿನ ಗುಡ್ಡೆಯೊಳಗೆ ಹೋಗಿ ಮಾಯವಾಯಿತು. ಅವನ ಹಿಂದೆ ಬಂದವನದು ಗೋಡೆಗೆ. ಮತ್ತೊಬ್ಬನದು ನಜೀರಣ್ಣನ ಕಾಲಿಗೇ.

ಓಬಳೇಶನ ಸರದಿ ಬಂತು. ಏನು ಮಾಡಿದ ಅಂತೀರಿ? ಮೊದಲು ಗಾಳಿಯಲ್ಲಿ ಕೈ ಹಾಕಿ ಒಂದು ಬಾಗಿಲು ತೆಗೆದ. ತಲೆ ಬಗ್ಗಿಸಿ ಒಳಗೆ ಬಂದ. ಬಾಗಿಲು ಎಳೆದುಕೊಂಡ. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಬಾಯಲ್ಲಿ "ಪೋಂ ಪೋಂ" ಅಂದು ಹೊರಟ.

ಕಣದ ಜನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಲಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅಯ್ಯೋ, ಅಂದ್ಕೋ ಅಂದರೆ ಕೂತೇಬಿಟ್ಟನಲ್ಲ! ಹೋಯ್ತು, ಕೆಲಸ ಹೋಯ್ತು, ಮಾನಾನೂ ಹೋಯ್ತು!"

ಕಾರು ಮುಂದೆ, ಓಬಳೇಶ ಬಾತುಕೋಳಿಯ ಹಾಗೆ ಹಿಂದೆ. ಕಾರು ತಿರುಗಿದರೆ ತಾನೂ ತಿರುಗುತ್ತಿದ್ದ. ಕಾರಿನ ಬಲ ಅವನ ಬಲವೇ, ಕಾರಿನ ಎಡ ಅವನ ಎಡವೇ. ಮೂಲೆ ಬಂದರೆ ಕೈ ಹೊರಗೆ ಚಾಚಿ ತೋರಿಸುತ್ತಿದ್ದ. ಹೊಟ್ಟಿನ ಗುಡ್ಡೆಯಲ್ಲಿ ಕಾರು ಹುಡುಕುತ್ತಿದ್ದ ಪ್ರಸನ್ನನಿಗೆ "ಪೋಂ" ಅಂತ ಹಾರನ್ ಹೊಡೆದು ಪಕ್ಕಕ್ಕೆ ಸರಿಸಿದ. ಮೆಲ್ಲಗೆ, ಮೆಲ್ಲಗೆ. ಗೋಡೆಗೆ ತಗುಲಲಿಲ್ಲ, ಕಂಬಕ್ಕೆ ತಗುಲಲಿಲ್ಲ. ನಗು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಕೆಂಪು ಕಾರು ಸುತ್ತು ಮುಗಿಸಿ ಗೆರೆ ದಾಟಿತು.

ನಜೀರಣ್ಣ ಎರಡೂ ಕೈ ಎತ್ತಿದ. "ಇಷ್ಟು ವರ್ಷದಿಂದ ಬಾಯಿ ಬಡ್ಕೊಂಡೆ, ಕಾರೊಳಗೆ ಕೂತ್ಕೊಳ್ಳಿ, ಕೂತ್ಕೊಳ್ಳಿ ಅಂತ. ಕೂತವನು ಇವನೊಬ್ಬನೇ! ಪಾಲಕ್ಕ, ನಾಳೆಯಿಂದ ಕಳಿಸು. ಕೆಲಸ ಇವನದೇ."

ಪಾಲಕ್ಕ ಸೆರಗು ತೆಗೆದಳು. ಕಣ್ಣು ಒರೆಸಿಕೊಂಡಳು. ಯಾರೋ ಕೈ ಹಿಡಿದರು, ಯಾರೋ ಬೆನ್ನು ತಟ್ಟಿದರು. "ನನ್ನ ಮಗ ಅಂದರೆ ಏನಂದ್ಕೊಂಡ್ರಿ! ಹೇಳಿದ್ದನ್ನ ಹೇಳಿದ ಹಂಗೇ ಮಾಡ್ತಾನೆ!" ಅಂತ ಪ್ರಸನ್ನನಿಗೆ ಕೇಳುವ ಹಾಗೆ ಹೇಳಿ, ಮಗನನ್ನು ಅಪ್ಪಿಕೊಳ್ಳೋಣ ಅಂತ ತಿರುಗಿದಳು.

ಮಗ ಇಲ್ಲ! ಕಾರೂ ಇಲ್ಲ!

"ಓಬ್ಯಾ! ಎಲ್ಲೋದ್ಯೋ?"

ಗೇಟಿನ ಕಾವಲುಗಾರ ಕೈ ತೋರಿಸಿದ. "ಪೋಂ ಪೋಂ ಅಂದ ಕಣಕ್ಕ. ಗೇಟು ತೆಗೆದೆ."

ಪಾಲಕ್ಕ ಓಡಿದಳು. ನಜೀರಣ್ಣ ಓಡಿದ. ಕಣದ ಜನವೆಲ್ಲ ಹಿಂದೆ ಓಡಿದರು. ಮಿಲ್ಲಿನ ಪಕ್ಕದಲ್ಲೇ ಪೆಟ್ರೋಲ್ ಬಂಕು. ಅಲ್ಲಿ ಸಾಲು ನಿಂತಿತ್ತು. ಮುಂದೆ ಒಂದು ಲಾರಿ. ಹಿಂದೆ ಒಂದು ಬುಲೆಟ್. ಅವೆರಡರ ನಡುವೆ ಮೊಳದುದ್ದದ ಕೆಂಪು ಕಾರು, ಅದರ ಹಿಂದೆ ಕುಕ್ಕರಗಾಲಲ್ಲಿ ಓಬಳೇಶ.

"ಇಲ್ಲೇನಲೇ ಮಾಡ್ತಿದ್ದೀಯ?"

"ಕಾರು ಮುಗ್ಗರಿಸ್ತಾ ಐತವ್ವ. ಎಣ್ಣೆ ಮುಗೀತು ಅಂತ ಕಾಣ್ತದೆ."

"ಅದು ಬ್ಯಾಟರಿ ಕಣೋ! ಎದ್ದೇಳು! ಲಾರಿ ಹಿಂದಕ್ಕೆ ಬಂದರೆ ಚಟ್ನಿ ಆಗ್ತೀಯ, ಎದ್ದು ನಿಂತ್ಕೊಳ್ಳೋ!"

ಓಬಳೇಶ ಅವ್ವನನ್ನೇ ನೋಡಿದ, ಇವಳೆಂಥಾ ಪೆದ್ದಿ ಅನ್ನುವ ಹಾಗೆ. "ಕಾರೊಳಗೆ ಎದ್ದು ನಿಂತರೆ ತಲೆ ಮೇಲಕ್ಕೆ ಹೊಡೆಯಲ್ವೇನವ್ವ?"

ಬಂಕಿನವರು ನೋಡುತ್ತಿದ್ದರು. ಲಾರಿಯವನು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ. ಊರಿಗೆ ಊರೇ ನೋಡುತ್ತಿತ್ತು. ಪಾಲಕ್ಕ ಲಾರಿಯವನಿಗೆ ತಡಿ ಅಂತ ಕೈ ತೋರಿಸಿದಳು. ಸೆರಗು ಸಿಕ್ಕಿಸಿಕೊಂಡಳು. ಆಮೇಲೆ ಬಗ್ಗಿ, ಗಾಳಿಯಲ್ಲಿ ಹಿಡಿ ಹುಡುಕಿ, ಬಾಗಿಲು ತೆಗೆದಳು.

"ಇಳಿಯಪ್ಪಾ, ದೊರೆ. ಇಳಿ ಅಂತ ಹೇಳ್ತಿದ್ದೀನಿ."

ಓಬಳೇಶ ತಲೆ ಬಗ್ಗಿಸಿ, ಒಂದು ಕಾಲು ಹೊರಗಿಟ್ಟು, ಇನ್ನೊಂದು ಕಾಲು ಹೊರಗಿಟ್ಟು, ಇಳಿದು ನೆಟ್ಟಗೆ ನಿಂತ. ಪಾಲಕ್ಕ ಕಾರನ್ನು ಕಂಕುಳಲ್ಲಿ ಇಟ್ಟುಕೊಂಡು, ಮಗನ ಕೈ ಹಿಡಿದು ಬೀದಿ ದಾಟಿದಳು. ಆಚೆ ಬದಿ ಮುಟ್ಟಿದ್ದರೋ ಇಲ್ಲವೋ, ಓಬಳೇಶ ಗಕ್ಕನೆ ನಿಂತ.

"ಇನ್ನೇನೋ?"

"ಬಾಗಿಲು ಹಾಕದೇ ಬಂದೆಯಲ್ಲವ್ವ!"

ಪಾಲಕ್ಕ ವಾಪಸ್ ಹೋಗಿ ಬಾಗಿಲು ಹಾಕಿ ಬಂದಳು.